ಇರುವೆಯ ಕಣ್ಣಿಗೆ ಕಲಾಯಿ

ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವವರು ಯಾರೂ ಇರಲಿಲ್ಲ. ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆ ಹೊಸದಾಗಿ ಬಂದವರು, ಕಲಾಯಿಯವರ ಮನೆಯಲ್ಲಿ ದಿನಾ ಜಗಳ ಎಂದೇ ತಿಳಿದುಕೊಳ್ಳುತ್ತಿದ್ದರು. ಜಗಳವೂ ಇರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಉಪ್ಪು ಕೊಡು ಅನ್ನುವುದನ್ನೂ ನಾವು ಅದೇ ದನಿಯಲ್ಲಿ ಹೇಳುತ್ತಿದ್ದೆವು. ಬಾಗಿಲ ಮುಂದೆಯೇ, ಪಾತ್ರೆಗಳ ಒಳಮೈಗೆ ತವರದ ಕಲಾಯಿ ಬಳಿಯುವ ಅಬ್ಬಾನ ಭಟ್ಟಿ. ಅದಕ್ಕೆ ಗಾಳಿ ಊದುವ ಚಕ್ರದ ಗಿರಗಿರ, ಹಿತ್ತಾಳೆ ಹಂಡೆಗಳ ಗದ್ದಲ, ಕಲಾಯಿ ಆದ ಪಾತ್ರೆಯನ್ನು ನೀರಿಗೆ ಅದ್ದಿದಾಗಿನ ಚುಸ್ ಅನ್ನುವ ಸದ್ದು, ಇಷ್ಟರ ಮೇಲೆ ನಮ್ಮ ಮಾತು ಕೇಳಿಸಬೇಕಿತ್ತು. ಅದಕ್ಕಿಂತ ದೊಡ್ಡ ಕಾರಣ ದಾದಿ, ಅಂದರೆ ಅಬ್ಬಾನ ತಾಯಿ. ನಾನು ಹುಟ್ಟುವ ಮೊದಲೇ ಅವಳ ಎರಡೂ ಕಿವಿ ಮಂದವಾಗಿದ್ದವು. ಸುಳ್ಳ ಎಂಬ ಹಳ್ಳಿಯಿಂದ ಮದುವೆಯಾಗಿ ಬಂದ ಅವಳ ನಾಲಿಗೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಹತ್ತಲೇ ಇಲ್ಲ. ಹಾಗಾಗಿ ಅಕ್ಕಪಕ್ಕದ ಮನೆಗಳಲ್ಲಿ ಉರ್ದು ನಡೆದರೂ ನಮ್ಮದು ಕನ್ನಡದ ಮನೆ, ಅದೂ ಕೂಗುವ ಕನ್ನಡ. ಈಗ ಧಾರವಾಡದ ನನ್ನ ರಿಪೇರಿ ಅಂಗಡಿಯಲ್ಲಿ ನಾನು ಫೋನೆತ್ತಿ ಮಾತಾಡಿದರೆ, ಬೆಂಚಿನ ಮೇಲೆ ಕೂತ ಕೋಚಿಂಗ್ ಕ್ಲಾಸಿನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನನಗೆ ಮಾತ್ರ ಅದು ಮೆಲ್ಲಗೆ ಆಡಿದ ಮಾತೇ.

ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ದನಿ ಮೆಹರುನ್ ಫುಪ್ಪುವಿನದು, ಅಬ್ಬಾನ ಕಡೇ ತಂಗಿಯದು. ಓಣಿಯ ಸುದ್ದಿಯನ್ನು ದಾದಿಗೆ ಮುಟ್ಟಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ದಾದಿ ಅರ್ಧ ಕಿವಿಯಿಂದ ಕೇಳಿದರೆ ಇನ್ನರ್ಧ ತುಟಿ ನೋಡಿ ತಿಳಿಯುತ್ತಿದ್ದಳು. ಫುಪ್ಪು ಅವಳೆದುರು ಮಂಡಿಯೂರಿ ಕೂತು, ಯಾರ ಸೊಸೆ ತವರಿಗೆ ಹೋದಳು, ಯಾರ ಆಡು ಯಾರ ಕಾಯಿಪಲ್ಯೆ ತಿಂದಿತು ಎಂಬುದನ್ನೆಲ್ಲ ಒದರಿ ಹೇಳುತ್ತಿದ್ದಳು. ಕೊನೆಗೆ, ಯಾರಿಗೂ ಹೇಳಬೇಡ ಅನ್ನುವುದನ್ನೂ ಒದರಿಯೇ ಹೇಳುತ್ತಿದ್ದಳು. ದಾದಿಯ ಜೊತೆ ಇಡೀ ಓಣಿಗೆ ಸುದ್ದಿ ಮುಟ್ಟುತ್ತಿತ್ತು.

ನನಗೆ ಹನ್ನೆರಡು ತುಂಬುವ ಹೊತ್ತಿಗೆ ಎಲ್ಲೋ ನಡೆದ ಆರೋಗ್ಯ ಶಿಬಿರದಲ್ಲಿ ದಾದಿಗೆ ಒಂದು ಕಿವಿ ಮಷೀನು ಸಿಕ್ಕಿತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪೆಟ್ಟಿಗೆ, ಅದರಿಂದ ಕಿವಿಗೆ ಒಂದು ವೈರು. ಅಮ್ಮಿ ದಾದಿಯ ಕುಪ್ಪಸಗಳಿಗೆಲ್ಲ ಕಿಸೆ ಹೊಲಿದುಕೊಟ್ಟಳು. ಪಾಪ, ಅದರಿಂದ ತನಗೇ ತೊಂದರೆ ಆದೀತೆಂದು ಅವಳಿಗೆ ಹೊಳೆದಿರಲಿಲ್ಲ. ಅತ್ತೆಯ ಬೆನ್ನ ಹಿಂದೆ ಒಲೆಯ ಮುಂದೆ ಕೂತು ಗೊಣಗುವುದು ಅವಳಿಗೆ ಎಷ್ಟೋ ವರ್ಷದ ರೂಢಿ. ಮಷೀನು ಬಂದ ಮೊದಲ ದಿನವೇ, ಸಾರು ಉಪ್ಪುಪ್ಪಾಗಿದೆ, ಮುದುಕಿ ಬಂದು ಕೈ ಆಡಿಸಿರಬೇಕು ಎಂದು ಎಂದಿನಂತೆ ಗೊಣಗಿದಳು. ನಡುಮನೆಯಿಂದ ದಾದಿಯ ದನಿ ಬಂತು.

"ನಾ ಹಾಕಿಲ್ಲವ್ವ ಉಪ್ಪು. ನೀನ ಎರಡು ಸಲ ಹಾಕೀ."

ಅಮ್ಮಿಯ ಕೈಯಿಂದ ಸೌಟು ಜಾರಿತು. ಎರಡು ದಿನ ಅವಳು ತುಟಿಪಿಟಕ್ಕೆನ್ನದೆ ಅಡುಗೆ ಮಾಡಿದಳು. ಮೂರನೇ ದಿನ ದಾದಿ ತಾನೇ ಅಡುಗೆಮನೆಗೆ ಹೋಗಿ, ಮಾತಿಲ್ಲದ ಅಡುಗೆಗೆ ರುಚಿ ಇಲ್ಲ, ಬೈಯುವುದಿದ್ದರೆ ಬೈದುಕೊಂಡೇ ಮಾಡು ಅಂದಳು. ಅತ್ತೆ ಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಅವತ್ತಿನಿಂದ ಆ ಪೆಟ್ಟಿಗೆಯ ಮೇಲೆ ನನಗೆ ಪ್ರೀತಿ ಹುಟ್ಟಿತು.

ಅದೇ ವರ್ಷ ಫುಪ್ಪುವಿಗೆ ಗದಗಿನ ಸಂಬಂಧ ಗಟ್ಟಿಯಾಯಿತು. ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ನಿಕಾಹ್. ದಾದಿ ಸೀರೆ ಕೇಳಲಿಲ್ಲ, ಬಳೆ ಕೇಳಲಿಲ್ಲ. ಅವಳಿಗಿದ್ದ ಆಸೆ ಒಂದೇ. ನಮ್ಮಲ್ಲಿ ಮದುಮಗಳು ಹೆಂಗಸರ ಕೋಣೆಯಲ್ಲಿ ಮುಸುಕು ಹಾಕಿಕೊಂಡು ಕೂತಿರುತ್ತಾಳೆ. ಅವಳ ಪರವಾಗಿ ನಿಂತ ಹಿರಿಯರು ಸಾಕ್ಷಿದಾರರೊಂದಿಗೆ ಬಂದು, ಈ ಮದುವೆ ಒಪ್ಪಿಗೆಯೇ ಎಂದು ಮೂರು ಸಲ ಕೇಳುತ್ತಾರೆ. ಅವಳು ಮೂರು ಸಲ ಕಬೂಲ್ ಅನ್ನಬೇಕು. ಎಂಥ ಗಟ್ಟಿಗಿತ್ತಿಯಾದರೂ ಆ ಹೊತ್ತಿಗೆ ಉಸಿರಿನಲ್ಲೇ ಅನ್ನುವುದು ವಾಡಿಕೆ, ಜೋರಾಗಿ ಅಂದರೆ ಮದುವೆಗೆ ಬಾಯಿ ಬಿಡುತ್ತಿದ್ದಳು ಎಂದು ಮಂದಿ ಆಡಿಕೊಳ್ಳುತ್ತಾರೆ. ದಾದಿ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೇಳಿದಳು.

"ಹಿರೇ ಮಗಳದೂ ಕೇಳಲಿಲ್ಲ, ನಡುವಿನಾಕಿದೂ ಕೇಳಲಿಲ್ಲ. ಮುಸುಕಿನಾಗ ತುಟಿ ಎಲ್ಲಿ ಕಾಣಬೇಕು? ಮಂದಿ ಬಾಯಾಗ ಸಕ್ಕರಿ ಹಾಕ್ಕೊಳ್ಳಾಕತ್ರು, ಆವಾಗ ಗೊತ್ತಾತು ನನಗ, ಮಗಳ ಮದುವಿ ಆತು ಅಂತ. ಇದೊಂದರ ನನ್ನ ಕಿವಿಲೆ ಕೇಳಬೇಕು ಜೈನು."

ಮದುವೆಗೆ ಹತ್ತು ದಿನ ಇರುವಾಗ ಹಿತ್ತಲಿನಲ್ಲಿ, ಮದುವೆಯ ಪಾತ್ರೆಗಳ ಕಲಾಯಿ ಸರಿ ಆಗಿದೆಯೋ ಇಲ್ಲವೋ ನೋಡಲು ದಾದಿ ಹಂಡೆಯೊಳಗೆ ಬಗ್ಗಿದಳು. ಮಷೀನು ಕಿಸೆಯಿಂದ ಜಾರಿ ಒಗೆಯುವ ಕಲ್ಲಿನ ಮೇಲೆ ಬಿದ್ದು ಬಾಯಿ ತೆರೆಯಿತು. ಅಲ್ಲಿಗೆ ಅದರ ದನಿ ನಿಂತಿತು. ನಾನು ಅದನ್ನು ಓಢಣಿಯಲ್ಲಿ ಸುತ್ತಿಕೊಂಡು ಓಣಿಯ ತುದಿಯ ರೇಡಿಯೋ ರಿಪೇರಿಯ ಬಸಣ್ಣ ಕಾಕಾನ ಹತ್ತಿರ ಓಡಿದೆ. ಅವರು ಭೂತಗನ್ನಡಿ ಹಿಡಿದು ತೋರಿಸಿದರು. ಕಡಲೆಕಾಳಿನಷ್ಟು ಮೈಕು, ಅದರಿಂದ ಹೊರಟ ಒಂದು ಕೆಂಪು, ಒಂದು ಕರಿ ತಂತಿ. ಎರಡೂ ಒಳಗಿನ ಹಸಿರು ಸರ್ಕಿಟ್ ಹಲಗೆಯಿಂದ ಕಿತ್ತು ಬಂದಿದ್ದವು. ಅವು ಕೂತಿದ್ದ ಜಾಗದಲ್ಲಿ ಎರಡು ಬೆಳ್ಳಿಯ ಚುಕ್ಕಿ.

"ಇರಿವಿ ಕಣ್ಣಿನಷ್ಟು ಅದಾವ ನೋಡವ್ವ. ನನ್ನ ಬೆಸುಗಿ ಐರನ್ ಇಟ್ಟೆ ಅಂದ್ರ ಕಣ್ಣಷ್ಟ ಅಲ್ಲ, ಇರಿವಿನ ಸುಟ್ಟು ಹೋಗ್ತೈತಿ. ಮ್ಯಾಲ ನನ್ನ ಕೈ ನಡಗತಾವ. ಮಾಡಿದವರ ಕಡೆ ಕಳಸ್ರಿ."

"ಎಷ್ಟು ದಿನ ಆಗ್ತೈತ್ರಿ ಕಾಕಾ?"

"ತಿಂಗಳರ ಬೇಕು."

ಮನೆಗೆ ಬಂದು ಹೇಳಿದಾಗ ಅಬ್ಬಾ ಕೈಯ ಮಸಿ ಒರೆಸಿಕೊಳ್ಳುತ್ತ ಕೇಳಿಸಿಕೊಂಡ. ಅಬ್ಬಾನಿಗೂ ಕರೆಂಟಿಗೂ ಆಗಿಬರುತ್ತಿರಲಿಲ್ಲ. ಬಲ್ಬು ಹೋದರೆ ಸ್ಟೂಲು ಹತ್ತುತ್ತಿದ್ದವಳು ಅಮ್ಮಿ, ದೂರ ನಿಂತು ಹುಷಾರು ಹುಷಾರು ಅನ್ನುತ್ತಿದ್ದವನು ಅವನು. ಆದರೆ ಎರಡು ಲೋಹ ಕೂಡಿಸುವ ಮಾತು ಬಂದ ಕೂಡಲೇ ಅವನ ಎದೆ ಉಬ್ಬಿತು.

"ಎರಡು ತಂತಿ ಹಚ್ಚಬೇಕು, ಅಷ್ಟ ಹೌದಲ್ಲ? ಅದು ತವರದ ಕೆಲಸ. ತವರ ನನ್ನ ಮಾತು ಕೇಳ್ತೈತಿ."

ತವರವೇನೋ ಕೇಳುತ್ತಿತ್ತು, ಬೆರಳು ಕೇಳಬೇಕಲ್ಲ. ಹಂಡೆ ಹಿಡಿದು ದಪ್ಪಗಾದ ಅವನ ಬೆರಳಿನ ಕೆಳಗೆ ಇಡೀ ಹಲಗೆಯೇ ಮುಚ್ಚಿಹೋಗುತ್ತಿತ್ತು. ಮನೆಯವರ ಸೂಜಿಗೆಲ್ಲ ದಾರ ಪೋಣಿಸಿಕೊಡುತ್ತಿದ್ದವಳು ನಾನು. ಹಾಗಾಗಿ ವಿದ್ಯೆ ಅಬ್ಬಾನದು, ಕೈ ನನ್ನದು ಎಂದು ತೀರ್ಮಾನವಾಯಿತು. ಇಬ್ಬರಿಗೂ ಅದು ಹೊಸ ಕೆಲಸ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅಬ್ಬಾ ಹಳೇ ತಾಮ್ರದ ಹಿಡಿಕೆಯೊಂದನ್ನು ಬಡಿದು ಮೊನೆ ಮಾಡಿ, ಮರದ ಹಿಡಿ ಹಾಕಿದ. ಅದನ್ನು ಕೆಂಡದಲ್ಲಿ ಕಾಯಿಸಿ ತರುವುದು ಅವನ ಕೆಲಸ. ಮಾಡುವ ಜಾಗ ಅಡುಗೆಮನೆ, ಯಾಕೆಂದರೆ ನಮ್ಮ ಮನೆಗಿದ್ದ ಒಂದೇ ಒಂದು ಬೆಳಕಿಂಡಿ ಅಲ್ಲಿತ್ತು. ಬೆಳಿಗ್ಗೆ ಹತ್ತೂವರೆಗೆ ಅದರ ಬಿಸಿಲು ಒರಳಿನ ಪಕ್ಕ ಬೀಳುತ್ತಿತ್ತು, ಹನ್ನೆರಡಕ್ಕೆ ಗೋಡೆ ಹತ್ತಿ ಹೋಗುತ್ತಿತ್ತು. ಕೂದಲಿಗಿಂತ ತೆಳುವಾದ ತಂತಿ ಕಣ್ಣಿಗೆ ಕಾಣುತ್ತಿದ್ದದ್ದು ಅಷ್ಟೇ ಹೊತ್ತು.

ಮೊದಲ ಸಲ ನನ್ನ ಉಸಿರಿಗೇ ತಂತಿ ಹಾರಿಹೋಯಿತು. ಎರಡನೇ ಸಲ ತವರ ಹೆಚ್ಚಾಗಿ ಎರಡು ಚುಕ್ಕಿ ಸೇರಿ ಒಂದೇ ಆದವು. ಮೂರನೇ ಸಲ ಕೂತಿತು ಅನ್ನುವಷ್ಟರಲ್ಲಿ, ಮಷೀನು ಅತ್ತ ತಿರುಗಿಸಿದ್ದೇ ಕಿತ್ತು ಬಂತು. ಅಬ್ಬಾ ಮೇಲಿಂದ, ಒತ್ತಬೇಡ, ಒತ್ತಬೇಡ ಎಂದು ಒದರುತ್ತಿದ್ದ. ಒಲೆಯ ಮುಂದಿನಿಂದ ಅಮ್ಮಿ ಎದ್ದು ಬಂದಳು.

"ಹುಕ್ಕು ಹಚ್ಚೂಮುಂದ ಮೊದಲ ದಾರಕ್ಕ ಗಂಟು ಹಾಕ್ತೀವಿಲ್ಲೋ? ಈ ತಂತಿಗೂ ಹಿಂದ ಒಂದು ಗಂಟು ಹಾಕು. ಜಗ್ಗಿದರ ಗಂಟು ತಡೀತೈತಿ, ತುದಿ ಜಪ್ಪಯ್ಯ ಅನ್ನಂಗಿಲ್ಲ."

"ಕಲಾಯಿ ಕೆಲಸದಾಗ ದಾರ ಯಾಕ ಬೇಕು?" ಅಂದ ಅಬ್ಬಾ.

"ಯಾಕ ಅಂದ್ರ ಕಲಾಯಿ ಮೂರು ಸಲ ಕೈಕೊಡ್ತು, ಅದಕ."

ಹಲಗೆಯ ಮೂಲೆಯಲ್ಲಿದ್ದ ತೂತಿನಲ್ಲಿ ದಾರ ಹಾಯಿಸಿ ಅಮ್ಮಿ ಎರಡೂ ತಂತಿಯ ನಡು ಕಟ್ಟಿದಳು. ತಂತಿ ಅಲುಗುವುದು ನಿಂತಿತು. ಆಗ ಅಬ್ಬಾ ಸೋತ ಮುಖ ತೋರಿಸದೆ, ಒದರುವುದನ್ನೂ ಬಿಟ್ಟು, ನನ್ನ ಪಕ್ಕ ಕೂತು ತನ್ನ ಕಸುಬಿನ ಮಾತು ಹೇಳಿದ. ಅದನ್ನು ನಾನು ಇವತ್ತಿಗೂ ಕೆಲಸ ಕಲಿಯಲು ಬಂದವರಿಗೆಲ್ಲ ಮೊದಲ ದಿನವೇ ಹೇಳುತ್ತೇನೆ.

"ಎರಡನ್ನೂ ಒಮ್ಮೆಲೆ ಕೂಡಸಾಕ ಹೋಗಬ್ಯಾಡ. ಮೊದಲ ತಂತಿಗೆ ಕಲಾಯಿ ಕೊಡು. ಆಮ್ಯಾಲ ಚುಕ್ಕಿಗೆ ಕೊಡು. ಎರಡೂ ಬೆಳ್ಳಗಾದವು ಅಂದ್ರ ಬರೇ ಮುಟ್ಟಸು, ಸಾಕು. ತಮ್ಮಷ್ಟಕ್ಕ ತಾವ ಕೂಡ್ತಾವ."

ಅವನು ಚಿಟಿಕೆ ನವಸಾಗರದ ಪುಡಿ ಉದುರಿಸಿದ. ಕಾದ ಹಂಡೆಗೆ ಅರಳೆಯಿಂದ ಅದೇ ಪುಡಿ ಒರೆಸಿದರೆ ಬಿಳಿ ಹೊಗೆ ಎದ್ದು ತವರ ಹಿತ್ತಾಳೆಗೆ ಅಂಟುತ್ತಿದ್ದುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಇಲ್ಲಿ ಎದ್ದದ್ದು ಸಾಸಿವೆಯಷ್ಟು ಹೊಗೆ. ತಂತಿಯ ತುದಿ ಬೆಳ್ಳಗಾಯಿತು, ಚುಕ್ಕಿ ಬೆಳ್ಳಗಾಯಿತು. ಉಸಿರು ಹಿಡಿದು ಮುಟ್ಟಿಸಿದೆ. ಕೂಡಿತು. ಎರಡನೆಯದೂ ಕೂಡಿತು. ಮಷೀನು ಕಿವಿಗೆ ಸಿಕ್ಕಿಸಿದ ಕೂಡಲೇ ಅಬ್ಬಾ, ಅಮ್ಮಿ, ಫುಪ್ಪು ಮೂವರೂ ಒಟ್ಟಿಗೆ, ಕೇಳಿಸ್ತೇನು ಎಂದು ಒದರಿದರು. ದಾದಿ ಬೆಚ್ಚಿ ಹಿಂದೆ ಸರಿದಳು.

"ಯಾಕ ಹಂಗ ಒದರತೀರಿ? ನಾ ಏನು ಕಿವುಡಿ ಏನು?"

ಆಮೇಲಿನ ಒಂಬತ್ತು ದಿನ ಅಬ್ಬಾ ನೆಲದ ಮೇಲೆ ನಡೆಯಲಿಲ್ಲ. ಪಾತ್ರೆ ತಂದವರನ್ನೆಲ್ಲ ಕೂಡಿಸಿ, ನನ್ನ ಮಗಳು ಇರುವೆಯ ಕಣ್ಣಿಗೆ ಕಲಾಯಿ ಹಾಕಿದಳು ಎಂದು ಹೇಳುತ್ತಿದ್ದ. ಯಾರಾದರೂ ಒಳಗೆ ಬಂದರೆ ನಾನೂ ಏನೋ ನೆಪ ಮಾಡಿಕೊಂಡು ಎದುರಿಗೆ ಸುಳಿಯುತ್ತಿದ್ದೆ. ಅಷ್ಟು ಹೊಗಳಿಕೆಯನ್ನು ನಾನು ಆಮೇಲೆ ಎಲ್ಲಿಯೂ ಕಾಣಲಿಲ್ಲ, ಕಂಡರೂ ಅಷ್ಟು ರುಚಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಮನೆ ತುಂಬ ನೆಂಟರು. ಚಪ್ಪಲಿ ದಾಟಿ ಒಳಗೆ ಬರುವುದೇ ಒಂದು ಸಾಹಸ. ನಡುಮನೆಯಲ್ಲಿ ದಾದಿ ಹೊಸ ಸೀರೆ ಉಟ್ಟು ಕೂತಿದ್ದಳು, ಕಿವಿಯಲ್ಲಿ ವೈರು. ಬಂದವರು ಮಾತಾಡಿಸುತ್ತಿದ್ದರು, ಅವಳು ನಗುತ್ತ ತಲೆಯಾಡಿಸುತ್ತಿದ್ದಳು. ನಾನು ಚಹಾ ಕೊಡಲು ಹೋದವಳು ಅಲ್ಲೇ ನಿಂತೆ. ಆ ನಗು ನನಗೆ ಗೊತ್ತಿತ್ತು. ಮಷೀನು ಬರುವ ಮೊದಲಿನ ನಗು ಅದು, ಏನೂ ಕೇಳದಿದ್ದಾಗ ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚುತ್ತಿದ್ದ ನಗು. ಮದುವೆಯ ಗದ್ದಲದಲ್ಲಿ ಯಾರಿಗೂ ತೊಂದರೆ ಬೇಡವೆಂದು ಅವಳು ಬಾಯಿ ಬಿಟ್ಟಿರಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಮಷೀನು ಕಿತ್ತುಕೊಂಡು ಹಿತ್ತಲಿಗೆ ಹೋಗಿ ತೆರೆದೆ. ನಾನು ಬೆಳ್ಳಗೆ ಮಾಡಿದ್ದ ತುದಿಗಳಲ್ಲಿ ಹಸಿರು ಪುಡಿ. ಒಂದು ತಂತಿ ತಿಂದುಹೋಗಿತ್ತು, ಇನ್ನೊಂದು ಮುಟ್ಟಿದರೆ ಉದುರುವಂತಿತ್ತು.

ಅಬ್ಬಾ ನೋಡಿದ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಏಳುವ ಕಿಲುಬು ಅದು. ಕಿಲುಬು ಮಂದಿಯ ಹೊಟ್ಟೆಗೆ ಹೋಗದಂತೆ ನೋಡುವುದೇ ಅವನ ಜೀವನದ ಕೆಲಸವಾಗಿತ್ತು. ಅವನು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ.

"ನೀರಾಗ ಅದ್ದಲಿಲ್ಲ ಜೈನು. ಹಂಡೆ ಆದರ ನೀರಾಗ ಅದ್ದತೀನಿ, ನವಸಾಗರ ತೊಳದು ಹೋಗ್ತೈತಿ. ಇದು ಕರೆಂಟಿಂದು ಅಂತ ಹೆದರಿ ಹಂಗ ಬಿಟ್ಟೆ. ಅವ್ವನ ಬೆವರು ಬಡದು ಅದು ತಂತಿ ತಿಂತು. ನಂದ ತಪ್ಪು."

ಅಬ್ಬಾ ತನ್ನ ಕಸುಬಿನಲ್ಲಿ ತಪ್ಪು ಒಪ್ಪಿಕೊಂಡದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಹೊಸ ಜುಬ್ಬಾ ಹಾಕಿಕೊಂಡ ಅವನ ಮುಖ ನೋಡಿದರೆ ಮದುವೆಯೇ ಮುರಿದುಬಿತ್ತೇನೋ ಅನ್ನಿಸಬೇಕು. ನಾನು ಬಸಣ್ಣ ಕಾಕಾನ ಅಂಗಡಿಗೆ ಓಡಿದೆ. ಅವರು ಆಗ ತಾನೇ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದರು. ಹಲಗೆ ನೋಡಿ ಬಿದ್ದು ಬಿದ್ದು ನಕ್ಕರು.

"ನವಸಾಗರ ಹಾಕೀರೇನು? ಇದೇನು ಸಾರಿನ ಪಾತೇಲಿ ಅಂತ ತಿಳದನ ನಿಮ್ಮಪ್ಪ? ತಗೊ, ಈ ಸ್ಪಿರಿಟ್‌ಲೆ ಒರಸು, ಹಸರು ಪೂರಾ ಹೋಗಬೇಕು. ನವಸಾಗರದ ಬದಲಿ ಈ ರಾಳ ಹಾಕು. ರಾಳ ತಂತಿ ತಿನ್ನಂಗಿಲ್ಲ. ಉಳಿದದ್ದು ನಿಮ್ಮಪ್ಪ ಹೇಳಿದಂಗ ಮಾಡು, ಅಂವ ಹೇಳಿದ್ದು ಬರೋಬ್ಬರಿ ಐತಿ."

ಜೇನಿನ ಬಣ್ಣದ ರಾಳದ ತುಂಡು ಮುಷ್ಟಿಯಲ್ಲಿ ಹಿಡಿದು ವಾಪಸ್ಸು ಬಂದಾಗ ಬಿಸಿಲು ಒರಳಿನ ಹತ್ತಿರ ಬಿದ್ದಿತ್ತು. ಆದರೆ ಆ ಬಿಸಿಲಿನಲ್ಲಿ ಅಮರಗೋಳದ ಮಾಮಿ, ಅಮ್ಮಿಯ ಅತ್ತಿಗೆ, ಕಾಲು ಚಾಚಿ ಕೂತು ರಾಶಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮಾಮಿಯನ್ನು ಏಳಿಸುವುದು ಸುಮ್ಮನೆ ಮಾತಲ್ಲ.

"ಮಾಮಿ, ಸ್ವಲ್ಪ ಸರೀರಿ. ನನಗ ಈ ಜಾಗಾನ ಬೇಕು."

"ಐವತ್ತು ಸೇರು ಅಡಗಿ ಆಗೂದೈತಿ, ನಿನಗ ಆಟಾ ಆಡಾಕ ಇದ ಜಾಗಾ ಬೇಕಾತೇನು?"

ಅಮ್ಮಿ ಬೆಳ್ಳುಳ್ಳಿಯ ಮೊರವನ್ನು ಎತ್ತಿ ಹಿತ್ತಲಲ್ಲಿಟ್ಟಳು. ಮಾಮಿ ಗೊಣಗುತ್ತ ಬೆಳ್ಳುಳ್ಳಿಯ ಹಿಂದೆ ಹೋದಳು. ಅಬ್ಬಾ ಹೊಸ ಜುಬ್ಬಾದ ತೋಳು ಮಡಚಿ ತಾಮ್ರದ ಕಡ್ಡಿ ಕಾಯಿಸಿ ತಂದ. ಕಿಲುಬು ತಿಂದ ತುದಿ ಕತ್ತರಿಸಿದ ಮೇಲೆ ತಂತಿ ಚುಕ್ಕಿಗೆ ಮುಟ್ಟುವಷ್ಟೇ ಉಳಿದಿತ್ತು. ಇನ್ನೊಮ್ಮೆ ಕತ್ತರಿಸಲು ಜಾಗವಿರಲಿಲ್ಲ. ಅಮ್ಮಿ ಗಂಟನ್ನು ಬಿಚ್ಚಿ ಮುಂದೆ ಸರಿಸಿ ಕಟ್ಟಿದಳು. ನಾನು ಸ್ಪಿರಿಟ್ಟಿನಿಂದ ಒರೆಸಿದೆ, ಮತ್ತೆ ಒರೆಸಿದೆ. ರಾಳ ಮುಟ್ಟಿದ ಕಡ್ಡಿಯಿಂದ ಘಮ್ಮೆನ್ನುವ ಹೊಗೆ ಎದ್ದಿತು. ಹಿತ್ತಲಿನಿಂದ ಮಾಮಿ, ಈಗಲೇ ಲೋಬಾನ ಹಾಕಿದಿರೇನು ಎಂದು ಕೇಳಿದಳು. ನಮ್ಮ ಮನೆಯ ಮೂರು ಜನ ಒಂದೇ ಕಡೆ ಕೂತು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲಿರಬೇಕು. ತಂತಿಗೆ ಕಲಾಯಿ, ಚುಕ್ಕಿಗೆ ಕಲಾಯಿ, ಮುಟ್ಟಿಸಿದೆ, ಎತ್ತಿದೆ. ಬಿಸಿಲು ಗೋಡೆ ಹತ್ತುವ ಮೊದಲು ಎರಡೂ ಕೂಡಿದ್ದವು.

ಈ ಸಲ ಎಲ್ಲ ಪೂರಾ ಆರಲಿ ಎಂದು ಅಬ್ಬಾ ತಡೆದಿದ್ದ. ದಾದಿಯ ಕಿಸೆಗೆ ಮಷೀನು ಹಾಕುವ ಹೊತ್ತಿಗೆ ಗಂಡಸರೆಲ್ಲ ನಮಾಜು ಮುಗಿಸಿ ಬಂದಿದ್ದರು. ಕೋಣೆಯಲ್ಲಿ ಹೆಂಗಸರ ಗಲಾಟೆ. ಫುಪ್ಪುವಿನ ಮಲ್ಲಿಗೆಯ ಮುಸುಕಿನ ಕಡೆಗೇ ನೋಡುತ್ತ ಕೂತಿದ್ದ ದಾದಿಯನ್ನು ಕೇಳಿಸುತ್ತಿದೆಯೇ ಎಂದು ವಿಚಾರಿಸುವಷ್ಟರಲ್ಲಿ ಹಿರಿಯರು ಬಾಗಿಲಿಗೆ ಬಂದರು, ಅವರ ಹಿಂದೆ ಅಬ್ಬಾ. ಗಲಾಟೆ ನಿಂತಿತು. ಅವರು ಗದಗಿನ ವರನ ಹೆಸರು ಹೇಳಿ ಒಪ್ಪಿಗೆಯೇ ಎಂದು ಕೇಳಿದರು. ಹನ್ನೆರಡು ವರ್ಷ ನನ್ನ ಕಿವಿ ತೂತು ಮಾಡಿದ್ದ ಫುಪ್ಪು ಉಸಿರಿನಲ್ಲಿ ಕಬೂಲ್ ಅಂದಳು. ಮಗ್ಗುಲಲ್ಲೇ ಕೂತ ನನಗೂ ಅದು ಅಷ್ಟಕ್ಕಷ್ಟೇ ಕೇಳಿಸಿತು. ಎರಡನೇ ಸಲ, ಮೂರನೇ ಸಲ. ದಾದಿಯ ಮುಖದಲ್ಲಿ ಏನೂ ಇರಲಿಲ್ಲ. ಹಿರಿಯರು ಹೊರಡಲು ತಿರುಗಿದರು, ಯಾರೋ ಸಕ್ಕರೆಯ ತಟ್ಟೆ ಎತ್ತಿಕೊಂಡರು. ಆಗ ದಾದಿ ಕೈ ಎತ್ತಿದಳು.

"ತಡೀರಿ. ನನಗ ಕೇಳಸಲಿಲ್ಲ."

ಬಾಗಿಲಲ್ಲಿ ಅಬ್ಬಾ ಕಣ್ಣು ಮುಚ್ಚಿಕೊಂಡ. ಮಾಮಿ, ಮೂರು ಸಲ ಆಯಿತಲ್ಲ ಎಂದು ಏನೋ ಹೇಳಹೊರಟಳು. ಅಷ್ಟರಲ್ಲಿ ಮುಸುಕು ಅಲುಗಿತು, ಮತ್ತು ಅದರೊಳಗಿನಿಂದ ನಮ್ಮ ಓಣಿ ದಿನಾ ಕೇಳುತ್ತಿದ್ದ ಆ ದನಿ ಹೊರಟಿತು.

"ಕಬೂಲ್ ಐತಬೇ ಯವ್ವಾ, ಕಬೂಲ್ ಐತಿ."

ಹೊರಗಿನ ಪೆಂಡಾಲಿನಲ್ಲಿ ಕೂತ ಗಂಡಸರಿಗೆ ಕೇಳಿಸಿತು. ವರನಿಗೂ ಕೇಳಿಸಿತು. ಅವನು ನಕ್ಕು ತಲೆ ತಗ್ಗಿಸಿದನೆಂದು ಅಬ್ಬಾ ಆಮೇಲೆ ಹೇಳಿದ. ಕೋಣೆಯಲ್ಲಿ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು, ಮುಸುಕು ಕೂಡ ನಗುತ್ತಿತ್ತು. ದಾದಿ ಎರಡೂ ಕೈಯಿಂದ ಮುಸುಕಿನ ಮೇಲೆಯೇ ಮಗಳ ತಲೆ ಹಿಡಿದು ಮುದ್ದಿಟ್ಟಳು. ಎಲ್ಲರ ಬಾಯಿಗೂ ಸಕ್ಕರೆ ಬಿತ್ತು. ನನ್ನ ಬಾಯಿಯ ಸಕ್ಕರೆ ಮಾತ್ರ ಕರಗಲೇ ಇಲ್ಲ.

ಊಟದ ಗದ್ದಲದಲ್ಲಿ ಕೋಣೆ ಖಾಲಿಯಾಯಿತು. ದಾದಿ ನನಗೆ ಬೆನ್ನು ಹಾಕಿ ಮಲ್ಲಿಗೆಯ ಎಸಳು ಆರಿಸುತ್ತಿದ್ದಳು. ನಾನು ಮೂಲೆಯಲ್ಲಿ ಮಂಡಿಯ ಮೇಲೆ ಮುಖವಿಟ್ಟು, ನನಗಷ್ಟೇ ಕೇಳಿಸುವಂತೆ ಗೊಣಗಿದೆ, ಹಾಳಾದ ತಂತಿ, ಹಾಳಾದ ರಾಳ, ಹಾಳಾದ ಕೈ.

"ಕೈಗೆ ಯಾಕ ಬೈತೀ?" ಅಂದಳು ದಾದಿ, ತಿರುಗದೆ. "ಮೂರೂ ಸಲ ಕೇಳಿಸ್ತು ನನಗ."

ನಾನು ಎದ್ದು ಹೋಗಿ ಅವಳ ಮುಂದೆ ನಿಂತೆ.

"ಮತ್ತ ಕೇಳಸಲಿಲ್ಲ ಅಂತ ಯಾಕ ಅಂದಿ?"

ದಾದಿ ಬಾಗಿಲ ಕಡೆ ನೋಡಿದಳು. ಹೊರಗೆ ಫುಪ್ಪುವಿನ ದನಿ, ಯಾರನ್ನೋ ಊಟಕ್ಕೆ ಕರೆಯುತ್ತಿತ್ತು.

"ಆ ಮೂರು ಯಾವ ಮದುಮಗಳು ಬೇಕಾದರೂ ಅಂತಾಳ ಜೈನು. ನಾ ನನ್ನ ಮಗಳು ಅಂದದ್ದು ಕೇಳಬೇಕಿತ್ತು."